ರೋಟರಿ ವಾಲ್ವ್‌ಗೆ ಎಣ್ಣೆ ಎಲ್ಲಿ ಬಿಡಬೇಕು?

ಫ್ರೆಂಚ್ ಹಾರ್ನ್ ಎಂಬ ಹಿತ್ತಾಳೆ ವಾದ್ಯ ನುಡಿಸುವವರನ್ನು "ವಾಲ್ವ್‌ಗೆ ಎಣ್ಣೆ ಬಿಡ್ತೀರಾ?" ಎಂದು ಕೇಳಿ ನೋಡಿ. ಎಲ್ಲರೂ ಹೌದು ಅನ್ನುತ್ತಾರೆ. "ಎಲ್ಲಿ ಬಿಡ್ತೀರಿ?" ಎಂದು ಕೇಳಿದರೆ ಬಹಳ ಜನ ಒಂದೇ ಜಾಗ ತೋರಿಸುತ್ತಾರೆ. ಸ್ಲೈಡ್, ಅಂದರೆ ಯು ಆಕಾರದ ಜಾರುಕೊಳವೆ, ಎಳೆದು ತೆಗೆದು, ಅದು ಕೂರುವ ಕೊಳವೆಯೊಳಗೆ.

ನಾನೂ ಮೊದಲ ಕೆಲವು ವರ್ಷ ಹಾಗೇ ಮಾಡುತ್ತಿದ್ದೆ. ವಾರ ತಪ್ಪಿಸುತ್ತಿರಲಿಲ್ಲ. ಆದರೂ ಮೂರನೇ ವಾಲ್ವ್ ಒತ್ತಿದಾಗಲೆಲ್ಲ ಕಟಕಟ ಅನ್ನತೊಡಗಿತು. ರಿಪೇರಿ ಮಾಡುವವರ ಹತ್ತಿರ ತೆಗೆದುಕೊಂಡು ಹೋದೆ. ಅವರು ಏನೂ ಹೇಳದೆ ವಾಲ್ವ್‌ನ ಹಿಂದಿನ ಮುಚ್ಚಳ ತಿರುಗಿಸಿ ತೆಗೆದು ನನ್ನ ಮುಂದೆ ಹಿಡಿದರು. ಒಳಗೆ ಎಣ್ಣೆಯ ಪಸೆಯೇ ಇರಲಿಲ್ಲ. ನಡುವಿನ ಅಚ್ಚಿನ ಸುತ್ತ ಕಂದು ಬಣ್ಣದ ಒಣ ಜಿಡ್ಡು ಕಟ್ಟಿತ್ತು. ನಾನು ಅಷ್ಟು ವರ್ಷ ಬಿಟ್ಟ ಎಣ್ಣೆ ಅಲ್ಲಿಗೆ ಸರಿಯಾಗಿ ತಲುಪಿರಲೇ ಇಲ್ಲ.

ಆ ಮುಚ್ಚಳದ ಕೆಳಗೆ ಏನಿದೆ, ಅಲ್ಲಿಗೆ ಎಣ್ಣೆ ಯಾಕೆ ಬೇಕು ಎಂಬುದು ಅರ್ಥವಾದರೆ ಉಳಿದದ್ದೆಲ್ಲ ಸುಲಭ. ಹಾಗಾಗಿ ಮೊದಲು ವಾಲ್ವ್ ಕೆಲಸ ಮಾಡುವ ಬಗೆ ನೋಡೋಣ.

ತಿರುಗುವ ಬಾಗಿಲು

ಹಿತ್ತಾಳೆ ವಾದ್ಯದಲ್ಲಿ ಸ್ವರ ಕೆಳಗಿಳಿಯಬೇಕಾದರೆ ಕೊಳವೆ ಉದ್ದವಾಗಬೇಕು. ವಾಲ್ವ್ ಮಾಡುವುದು ಇದೊಂದೇ ಕೆಲಸ. ನೀವು ಒತ್ತಿದಾಗ ಗಾಳಿಯನ್ನು ಒಂದು ಸುತ್ತುದಾರಿಗೆ ತಿರುಗಿಸುತ್ತದೆ, ಬಿಟ್ಟಾಗ ನೇರ ದಾರಿಗೆ ತರುತ್ತದೆ. ಒಂದನೇ ವಾಲ್ವ್‌ನ ಸುತ್ತುದಾರಿ ಸ್ವರವನ್ನು ಒಂದು ಪೂರ್ಣ ಅಂತರ ಇಳಿಸುತ್ತದೆ. ಎರಡನೆಯದು ಅರ್ಧ, ಮೂರನೆಯದು ಒಂದೂವರೆ.

ಟ್ರಂಪೆಟ್‌ನಲ್ಲಿ ಹೆಚ್ಚಾಗಿ ಕಾಣುವುದು ಪಿಸ್ಟನ್ ವಾಲ್ವ್. ಅದು ಮೇಲೆ ಕೆಳಗೆ ಓಡಾಡುತ್ತದೆ. ರೋಟರಿ ವಾಲ್ವ್ ಹಾಗಲ್ಲ, ತಿರುಗುತ್ತದೆ. ಒಳಗೊಂದು ಗಟ್ಟಿ ಉರುಳೆ ಇರುತ್ತದೆ. ಅದೇ ರೋಟರ್. ಅದರ ಮೈಯಲ್ಲಿ ಗಾಳಿ ಹೋಗಲು ಕಾಲುವೆಗಳನ್ನು ಕೊರೆದಿರುತ್ತಾರೆ. ಲೀವರ್ ಒತ್ತಿದರೆ ರೋಟರ್ 90 ಡಿಗ್ರಿ ತಿರುಗುತ್ತದೆ, ಅಂದರೆ ಕಾಲು ಸುತ್ತು. ಅಷ್ಟಕ್ಕೇ ನೇರ ದಾರಿ ಮುಚ್ಚಿ ಸುತ್ತುದಾರಿ ತೆರೆದುಕೊಳ್ಳುತ್ತದೆ.

ಇದು ಸುಮಾರು ಎರಡು ಶತಮಾನದ ಹಿಂದಿನ ಬುದ್ಧಿವಂತಿಕೆ. ಹಾರ್ನ್‌ಗೆ ಮೊದಲು ವಾಲ್ವ್ ಜೋಡಿಸಿದವರು ಹೈನ್ರಿಖ್ ಶ್ಟೋಲ್ಟ್ಸೆಲ್ ಮತ್ತು ಫ್ರೀಡ್ರಿಖ್ ಬ್ಲ್ಯೂಮೆಲ್. 1818ರಲ್ಲಿ ಅವರಿಬ್ಬರಿಗೂ ಪ್ರಶ್ಯಾದಲ್ಲಿ ಪೇಟೆಂಟ್ ಸಿಕ್ಕಿತು. ಈಗ ನಾವು ಬಳಸುವ ಬಗೆಯ ರೋಟರಿ ವಾಲ್ವ್‌ಗೆ ವಿಯೆನ್ನಾದ ಯೋಸೆಫ್ ರೀಡ್ಲ್ 1835ರಲ್ಲಿ ಪೇಟೆಂಟ್ ಪಡೆದರು. 1839ರಲ್ಲಿ ಲೈಪ್‌ಜಿಗ್‌ನ ಕ್ರಿಸ್ಟಿಯಾನ್ ಫ್ರೀಡ್ರಿಖ್ ಸಾಟ್ಲರ್ ಟ್ರಾಂಬೋನ್‌ಗೂ ಒಂದು ರೋಟರಿ ವಾಲ್ವ್ ಕೂರಿಸಿದರು. ಇಂದು ಹಾರ್ನ್, ಜರ್ಮನ್ ಶೈಲಿಯ ಟ್ರಂಪೆಟ್, ಅನೇಕ ಟ್ಯೂಬಾ, ಬಾಸ್ ಟ್ರಾಂಬೋನ್ ಎಲ್ಲದರಲ್ಲೂ ಇದು ಇದೆ. ಗಾತ್ರ ಬೇರೆ, ಒಳಗಿನ ವ್ಯವಸ್ಥೆ ಒಂದೇ. ಇಲ್ಲಿ ಹಾರ್ನ್ ಹಿಡಿದು ಹೇಳುತ್ತಿದ್ದರೂ ಟ್ಯೂಬಾದವರಿಗೂ ಟ್ರಾಂಬೋನ್‌ನವರಿಗೂ ಇದೇ ಮಾತು.

ರೋಟರ್ ಗೋಡೆಗೆ ಒರಗುವುದಿಲ್ಲ

ಪಿಸ್ಟನ್ ತನ್ನ ಸಿಲಿಂಡರಿನ ಗೋಡೆಗೆ ಮೈ ಉಜ್ಜಿಕೊಂಡೇ ಓಡಾಡುತ್ತದೆ. ಅದಕ್ಕೆ ಬೇರೆ ಆಧಾರವಿಲ್ಲ. ಹಾಗಾಗಿ ಪಿಸ್ಟನ್ ತೆಗೆದು, ಅದರ ಮೈಗೆ ಎಣ್ಣೆ ಹಾಕಿ, ಮತ್ತೆ ಒಳಗಿಟ್ಟರೆ ಕೆಲಸ ಮುಗಿಯಿತು. ಟ್ರಂಪೆಟ್‌ನಿಂದ ಹಾರ್ನ್‌ಗೆ ಬಂದವರು ಇದೇ ಲೆಕ್ಕವನ್ನು ತಲೆಯಲ್ಲಿಟ್ಟುಕೊಂಡು ಬರುತ್ತಾರೆ.

ರೋಟರ್‌ನ ಕಥೆ ಬೇರೆ. ಅದಕ್ಕೆ ಎರಡೂ ತುದಿಯಲ್ಲಿ ಸಣ್ಣ ಅಚ್ಚು ಇದೆ. ಒಂದು ಅಚ್ಚು ಮುಂದಿನ ಬೇರಿಂಗ್‌ನಲ್ಲಿ ಕೂರುತ್ತದೆ, ಇನ್ನೊಂದು ಹಿಂದಿನ ಬೇರಿಂಗ್‌ನಲ್ಲಿ. ಗಾಡಿಯ ಗಾಲಿ ಹೇಗೆ ಅಚ್ಚಿನ ಮೇಲೆ ತಿರುಗುತ್ತದೋ ಹಾಗೆ ರೋಟರ್ ಈ ಎರಡು ಬೇರಿಂಗ್‌ಗಳ ನಡುವೆ ತಿರುಗುತ್ತದೆ. ಸುತ್ತಲಿನ ಕೇಸಿಂಗ್ ಗೋಡೆಯನ್ನು ಅದು ಮುಟ್ಟಬಾರದು. ಇಬ್ಬರ ನಡುವೆ ಸಂದು ಇದೆ. ಎಷ್ಟು? ಒಂದು ಮಿಲಿಮೀಟರನ್ನು ನೂರು ಪಾಲು ಮಾಡಿದರೆ ಅದರಲ್ಲಿ ಕೆಲವೇ ಪಾಲು. ತಲೆಗೂದಲಿಗಿಂತ ತೆಳು.

ಈ ಸಂದನ್ನು ಕಾಯುವುದು ಬೇರಿಂಗ್‌ಗಳ ಕೆಲಸ. ಬೇರಿಂಗ್ ಒಣಗಿದರೆ ಲೋಹಕ್ಕೆ ಲೋಹ ಉಜ್ಜುತ್ತದೆ. ಉಜ್ಜಿದರೆ ಸವೆಯುತ್ತದೆ. ಸವೆದರೆ ಅಚ್ಚು ಅಲುಗಾಡುತ್ತದೆ. ಕಟಕಟ ಶಬ್ದ ಶುರುವಾಗುವುದು ಆಗಲೇ. ಹಾಗೇ ಬಿಟ್ಟರೆ ರೋಟರ್ ಓರೆಯಾಗಿ ಗೋಡೆಗೆ ತಗುಲುತ್ತದೆ. ಗೋಡೆಯೂ ಸವೆಯುತ್ತದೆ, ಗಾಳಿ ಸೋರುತ್ತದೆ, ಸ್ವರ ಹಿಡಿದು ನಿಲ್ಲಿಸಲು ಕಷ್ಟವಾಗುತ್ತದೆ. ಅಲ್ಲಿಗೆ ಬಂದ ಮೇಲೆ ಎಣ್ಣೆಯಿಂದ ಸರಿಯಾಗುವುದಿಲ್ಲ. ರೋಟರ್‌ಗೆ ಲೋಹದ ಲೇಪ ಕೊಟ್ಟು ಮತ್ತೆ ಅಳತೆಗೆ ತರುವ ದೊಡ್ಡ ಕೆಲಸ ಬೇಕಾಗುತ್ತದೆ.

ಸ್ಲೈಡ್‌ನಿಂದ ಬಿಟ್ಟ ಎಣ್ಣೆ ರೋಟರ್‌ನ ಮೈಗೆ ಹೋಗುತ್ತದೆ. ಅದೂ ಬೇಕೇ ಬೇಕು. ಆದರೆ ಭಾರ ಹೊರುವುದು ಮೈಯಲ್ಲ, ಎರಡು ಅಚ್ಚುಗಳು. ಅಲ್ಲಿಗೆ ಎಣ್ಣೆ ಹೊರಗಿನಿಂದಲೇ ಹೋಗಬೇಕು.

ಯಾಕೆ ಬೇರೆ ಬೇರೆ ಎಣ್ಣೆ?

ಎಣ್ಣೆ ಬೇಕಾದ ಜಾಗ ಮೂರು. ರೋಟರ್‌ನ ಮೈ, ಎರಡು ಬೇರಿಂಗ್‌ಗಳು, ಮತ್ತು ಹೊರಗಿನ ಲೀವರ್ ಹಾಗೂ ಕೀಲುಗಳು. ಮೂರಕ್ಕೂ ಒಂದೇ ಬಾಟಲಿ ಸಾಕಲ್ವಾ ಅನ್ನಿಸುತ್ತದೆ. ಸಾಲದು. ಯಮಹಾ ಕಂಪನಿ ರೋಟರ್ ಎಣ್ಣೆ, ರೋಟರ್ ಸ್ಪಿಂಡಲ್ (ಅಚ್ಚು, ಅಂದರೆ ಬೇರಿಂಗ್) ಎಣ್ಣೆ, ಲೀವರ್ ಎಣ್ಣೆ ಎಂದು ಮೂರು ಬಾಟಲಿ ಮಾರುತ್ತದೆ. ಇದು ಬರೀ ವ್ಯಾಪಾರದ ಉಪಾಯವಲ್ಲ, ಅದಕ್ಕೆ ಕಾರಣವಿದೆ.

ರೋಟರ್ ಮತ್ತು ಗೋಡೆ ಎದುರುಬದುರಾಗುವ ಮೈ ಅಗಲ, ನಡುವಿನ ಸಂದು ಮಾತ್ರ ತೆಳು. ಅಲ್ಲಿ ದಪ್ಪ ಎಣ್ಣೆ ಹಾಕಿದರೆ ರೋಟರ್ ಜೇನಿನಲ್ಲಿ ಮುಳುಗಿದ ಹಾಗೆ ನಿಧಾನವಾಗುತ್ತದೆ. ಅದಕ್ಕೆ ತೆಳು ಎಣ್ಣೆಯೇ ಆಗಬೇಕು. ಆ ತೆಳು ಪೊರೆ ಎರಡು ಕೆಲಸ ಮಾಡುತ್ತದೆ. ಸಂದನ್ನು ತುಂಬಿ ಗಾಳಿ ಸೋರದಂತೆ ತಡೆಯುತ್ತದೆ, ಉಸಿರಿನ ತೇವ ಲೋಹವನ್ನು ಮುಟ್ಟದಂತೆ ಕಾಯುತ್ತದೆ.

ಬೇರಿಂಗ್‌ನಲ್ಲಿ ಉಜ್ಜುವ ಜಾಗ ಚಿಕ್ಕದು, ಒತ್ತಡ ಜಾಸ್ತಿ. ಅಲ್ಲಿ ತೆಳು ಎಣ್ಣೆ ನಿಲ್ಲದೆ ಹರಿದುಹೋಗುತ್ತದೆ. ಸ್ವಲ್ಪ ಮಂದವಾದದ್ದು ಬೇಕು. ಲೀವರ್‌ನ ಕೀಲುಗಳಿಗೆ, ಅದರಲ್ಲೂ ಗುಂಡಿನಂಥ ಬಾಲ್ ಜಾಯಿಂಟ್‌ಗಳಿಗೆ, ಇನ್ನೂ ಮಂದ ಎಣ್ಣೆ. ಅಲ್ಲಿ ಸಂದು ದೊಡ್ಡದು, ಶಬ್ದವನ್ನೂ ಆ ಎಣ್ಣೆಯೇ ನುಂಗಬೇಕು.

ವಾದ್ಯದ ವಯಸ್ಸೂ ಲೆಕ್ಕಕ್ಕೆ ಬರುತ್ತದೆ. ಹೊಸ ವಾದ್ಯದ ಸಂದು ಬಿಗಿ, ಅದಕ್ಕೆ ತೆಳು ರೋಟರ್ ಎಣ್ಣೆ. ಹಳೆಯದು ಸ್ವಲ್ಪ ಸಡಿಲವಾಗಿದ್ದರೆ ಒಂದು ಹಂತ ಮಂದವಾದ ಎಣ್ಣೆ ಸಂದನ್ನು ಚೆನ್ನಾಗಿ ತುಂಬುತ್ತದೆ. ಎಷ್ಟೋ ಹಳೆಯ ಹಾರ್ನ್‌ಗಳು ಇಷ್ಟರಿಂದಲೇ ಸ್ವರಕ್ಕೆ ಮತ್ತೆ ಮೈ ತುಂಬಿಕೊಳ್ಳುತ್ತವೆ. ದುಬಾರಿ ರಿಪೇರಿಗೆ ಹೊರಡುವ ಮುಂಚೆ ಇದನ್ನು ಮಾಡಿ ನೋಡಿ.

ಅಡುಗೆ ಎಣ್ಣೆ ಮಾತ್ರ ಬೇಡವೇ ಬೇಡ. ಅದು ಗಾಳಿ ತಾಗಿ ಅಂಟಾಗುತ್ತದೆ. ತುಕ್ಕು ಬಿಡಿಸುವ ಸ್ಪ್ರೇಗಳೂ ಬೇಡ. ಅವು ಇರುವ ಎಣ್ಣೆಯನ್ನೂ ತೊಳೆದು ಹಾಕುತ್ತವೆ. ಖನಿಜ ಎಣ್ಣೆಯಿಂದ ಸಿಂಥೆಟಿಕ್‌ಗೆ ಬದಲಾಯಿಸುವುದಿದ್ದರೆ ವಾದ್ಯವನ್ನು ಒಮ್ಮೆ ಪೂರ್ತಿ ಸ್ವಚ್ಛ ಮಾಡಿಸಿ ಆಮೇಲೆ ಬದಲಾಯಿಸಿ. ಒಂದರ ಮೇಲೊಂದು ಸುರಿಯುವುದು ನನಗೆ ಸರಿ ಕಾಣುವುದಿಲ್ಲ.

ಹಿಂದಿನ ಬೇರಿಂಗ್

ಈಗ ಕೈಗೆ ವಾದ್ಯ ತೆಗೆದುಕೊಳ್ಳಿ. ನುಡಿಸಿದ ಮೇಲಾದರೆ ಮೊದಲು ಒಳಗಿನ ನೀರೆಲ್ಲ ಚೆಲ್ಲಿ. ನೀರಿನ ಮೇಲೆ ಎಣ್ಣೆ ಬಿಟ್ಟರೆ ಎಣ್ಣೆ ಲೋಹಕ್ಕೆ ಹಿಡಿಯುವುದಿಲ್ಲ.

ವಾದ್ಯವನ್ನು ತೊಡೆಯ ಮೇಲೆ ಮಗುಚಿ ಇಟ್ಟುಕೊಳ್ಳಿ. ವಾಲ್ವ್‌ಗಳ ದುಂಡನೆಯ ಮುಚ್ಚಳಗಳು ಮೇಲಕ್ಕೆ ಬರಲಿ. ಒಂದೊಂದೇ ಮುಚ್ಚಳ ಬೆರಳಲ್ಲೇ ತಿರುಗಿಸಿ ತೆಗೆಯಿರಿ. ಇಕ್ಕಳ ಹಾಕಬೇಡಿ. ಮುಚ್ಚಳದ ಗೋಡೆ ತೆಳು, ಸೊಟ್ಟಗಾದರೆ ಮತ್ತೆ ಕೂರುವುದಿಲ್ಲ.

ಒಳಗೆ ದುಂಡನೆಯ ಹಿತ್ತಾಳೆ ತಟ್ಟೆ ಕಾಣುತ್ತದೆ. ಅದೇ ಬೇರಿಂಗ್ ತಟ್ಟೆ. ಅದರ ನಡುವೆ ತೂತು. ತೂತಿನಲ್ಲಿ ಅಚ್ಚಿನ ತುದಿ. ಎರಡರ ನಡುವೆ ಕೂದಲೆಳೆಯಂಥ ಒಂದು ದುಂಡು ಗೆರೆ. ಆ ಗೆರೆಯೇ ನಮಗೆ ಬೇಕಾದ ಜಾಗ.

ಸೂಜಿಮೂತಿಯ ಬಾಟಲಿಯಿಂದ ಬೇರಿಂಗ್ ಎಣ್ಣೆಯನ್ನು ಅಲ್ಲಿ ಒಂದೇ ಒಂದು ಹನಿ ಬಿಡಿ. ಹನಿ ಒಂದು ಕ್ಷಣ ಉಬ್ಬಿಕೊಂಡು ಕೂರುತ್ತದೆ. ಲೀವರ್ ನಿಧಾನವಾಗಿ ಒತ್ತಿ, ಬಿಡಿ. ಮತ್ತೆ ಒತ್ತಿ. ಉಬ್ಬು ಚಪ್ಪಟೆಯಾಗಿ ಅಚ್ಚಿನ ಸುತ್ತ ಉಂಗುರದ ಹಾಗೆ ಹರಡುತ್ತದೆ. ನಾಲ್ಕೈದು ಸಲ ಒತ್ತುವಷ್ಟರಲ್ಲಿ ಉಂಗುರವೂ ಸಣ್ಣದಾಗಿ ಸಂದಿನೊಳಗೆ ಇಳಿದುಹೋಗುತ್ತದೆ. ಕೈಗೂ ಗೊತ್ತಾಗುತ್ತದೆ. ಲೀವರ್ ಮೊದಲಿಗಿಂತ ಮೆತ್ತಗಾಗುತ್ತದೆ. ಹನಿ ಇಳಿಯದೆ ಹಾಗೇ ಕೂತಿದ್ದರೆ ಅಲ್ಲಿ ಸಾಕಷ್ಟು ಎಣ್ಣೆ ಇದೆ ಎಂದರ್ಥ. ಬಟ್ಟೆಯಿಂದ ಒರೆಸಿಬಿಡಿ.

ಬಂದ ಎಣ್ಣೆಯ ಬಣ್ಣವನ್ನೂ ನೋಡಿ. ತಿಳಿಯಾಗಿದ್ದರೆ ಚಿಂತೆಯಿಲ್ಲ. ಕಪ್ಪಾಗಿದ್ದರೆ ಲೋಹ ಸವೆದ ಪುಡಿ ಸೇರಿದೆ. ಹಸಿರಾಗಿದ್ದರೆ ಒಳಗೆ ಕಿಲುಬು ಹಿಡಿಯುತ್ತಿದೆ.

ಮುಚ್ಚಳ ಹಾಕುವಾಗ ಮೊದಲು ಉಲ್ಟಾ ತಿರುಗಿಸಿ. ಎಳೆಗಳು ಒಂದಕ್ಕೊಂದು ಕೂತಾಗ ಸಣ್ಣಗೆ ಟಿಕ್ ಎನ್ನುತ್ತದೆ. ಆಮೇಲೆ ಸರಿದಿಕ್ಕಿಗೆ ತಿರುಗಿಸಿ. ಎಳೆ ತಪ್ಪಿ ಕೂತ ಮುಚ್ಚಳ ಮುಂದೆ ತೆಗೆಯಲು ಬಾರದೆ ಕಾಡುತ್ತದೆ. ಸಡಿಲವಾಗಿ ಬಿಟ್ಟರೂ ಕಾಟವೇ. ಯಾವುದೋ ಒಂದು ಸ್ವರಕ್ಕೆ ಮಾತ್ರ ವಾದ್ಯ ಝುಯ್ ಎನ್ನುತ್ತದೆ, ಎಲ್ಲಿಂದ ಎಂದು ಹುಡುಕಿದರೂ ಸಿಗುವುದಿಲ್ಲ. ಹಾಗಾದಾಗ ಮೊದಲು ಮುಚ್ಚಳಗಳನ್ನು ಮುಟ್ಟಿ ನೋಡಿ.

ಮುಂದಿನ ಬೇರಿಂಗ್

ಇದು ಇನ್ನೂ ಹೆಚ್ಚು ಮರೆತುಹೋಗುವ ಜಾಗ. ಯಾಕೆಂದರೆ ಕಣ್ಣಿಗೆ ಸರಿಯಾಗಿ ಕಾಣುವುದಿಲ್ಲ. ಮುಚ್ಚಳದ ಎದುರು ಬದಿಯಲ್ಲಿ, ಲೀವರ್‌ನಿಂದ ಬಂದ ದಾರ ಸುತ್ತಿದ ಅಥವಾ ಕಡ್ಡಿ ಜೋಡಿಸಿದ ಒಂದು ಸಣ್ಣ ತೋಳಿರುತ್ತದೆ. ರೋಟರನ್ನು ತಿರುಗಿಸುವುದೂ ಅದೇ, ಸರಿಯಾದ ಜಾಗದಲ್ಲಿ ತಡೆದು ನಿಲ್ಲಿಸುವುದೂ ಅದೇ. ಇದನ್ನು ಸ್ಟಾಪ್ ಆರ್ಮ್ ಅನ್ನುತ್ತಾರೆ. ಅದರ ಬುಡ ಮತ್ತು ಕೇಸಿಂಗ್‌ನ ನಡುವೆ ಒಂದು ಸಣ್ಣ ಸಂದಿದೆ.

ವಾದ್ಯವನ್ನು ಈ ಬದಿ ಮೇಲಾಗುವಂತೆ ತಿರುಗಿಸಿ. ಸೂಜಿಮೂತಿಯನ್ನು ಸ್ಟಾಪ್ ಆರ್ಮ್‌ನ ಕೆಳಗೆ ತೂರಿಸಿ ಒಂದು ಹನಿ ಬಿಡಿ. ಲೀವರ್ ಆಡಿಸಿ. ಎಣ್ಣೆ ತಾನಾಗಿ ಕೆಳಗಿಳಿಯುತ್ತದೆ. ಆರ್ಮ್‌ನ ಮೇಲಿರುವ ಸ್ಕ್ರೂ ತಲೆಗೆ ಎಣ್ಣೆ ಬಿಟ್ಟು ಕೆಲಸ ಆಯಿತು ಅಂದುಕೊಳ್ಳುವವರಿದ್ದಾರೆ. ಅದು ಬೇರಿಂಗ್‌ಗೆ ಹೋಗುವುದಿಲ್ಲ, ಸುಮ್ನೆ ದಾರ ಒದ್ದೆಯಾಗುತ್ತದೆ.

ಪಕ್ಕದಲ್ಲಿರುವ ಕಾರ್ಕ್ ತುಂಡುಗಳ ಮೇಲೆ ಎಣ್ಣೆ ಚೆಲ್ಲದಂತೆ ನೋಡಿಕೊಳ್ಳಿ. ಚೆಲ್ಲಿದರೆ ಒರೆಸಿ. ಎಣ್ಣೆ ಕುಡಿದ ಕಾರ್ಕ್ ಮೆತ್ತಗಾಗಿ ಬೇಗ ಕುಗ್ಗುತ್ತದೆ.

ರೋಟರ್‌ನ ಮೈಗೆ

ಈಗ ಎಲ್ಲರಿಗೂ ಗೊತ್ತಿರುವ ಜಾಗ. ಆದರೆ ಇಲ್ಲೂ ಒಂದು ತೊಡಕಿದೆ.

ಸ್ಲೈಡ್‌ನ ಕೊಳವೆಗಳಿಗೆ ನಾವು ಗ್ರೀಸ್ ಹಚ್ಚಿರುತ್ತೇವೆ. ಅದು ದಪ್ಪ, ಅಂಟು. ಸ್ಲೈಡ್ ತೆಗೆದು ಹೊರಕೊಳವೆಯ ಬಾಯಿಗೆ ಎಣ್ಣೆ ಸುರಿದರೆ ಅದು ಗೋಡೆಯ ಮೇಲಿನ ಗ್ರೀಸನ್ನು ಕರಗಿಸಿಕೊಂಡು ರೋಟರ್‌ಗೆ ಇಳಿಯುತ್ತದೆ. ವಾಲ್ವ್ ವೇಗವಾಗಲಿ ಎಂದು ಹಾಕಿದ ಎಣ್ಣೆ ಅದನ್ನೇ ನಿಧಾನ ಮಾಡುತ್ತದೆ. ಎಣ್ಣೆ ಬಿಟ್ಟ ಮಾರನೇ ದಿನವೇ ವಾಲ್ವ್ ಹಿಡಿಯುತ್ತಿದೆ ಎಂದು ದೂರುವವರನ್ನು ನೋಡಿದ್ದೇನೆ. ಬಹಳ ಸಲ ಕಾರಣ ಇದೇ.

ದಾರಿ ಹೀಗಿದೆ. ಸ್ಲೈಡ್ ಹೊರತೆಗೆದು ಕಾಲುಗಳು ಮೇಲಕ್ಕೆ ಬರುವಂತೆ ಹಿಡಿಯಿರಿ. ಎಣ್ಣೆಯನ್ನು ಆ ಕಾಲುಗಳ ಒಳಗೆ ಬಿಡಿ, ಒಂದೊಂದಕ್ಕೆ ಮೂರು ನಾಲ್ಕು ಹನಿ. ಗ್ರೀಸ್ ಇರುವುದು ಕಾಲಿನ ಹೊರಮೈಯಲ್ಲಿ, ಒಳಗಲ್ಲ. ಎಣ್ಣೆ ಚೆಲ್ಲದಂತೆ ವಾದ್ಯವನ್ನೇ ಬಗ್ಗಿಸಿ ಸ್ಲೈಡನ್ನು ಕೆಳಗಿನಿಂದ ಸೇರಿಸಿ. ಪೂರ್ತಿ ಕೂತ ಮೇಲೆ ವಾದ್ಯವನ್ನು ತಿರುಗಿಸಿ. ಎಣ್ಣೆ ಒಳದಾರಿಯಲ್ಲೇ ಹರಿದು ರೋಟರ್ ಸೇರುತ್ತದೆ. ವಾಲ್ವ್‌ಗಳನ್ನು ಆಡಿಸುತ್ತಾ ವಾದ್ಯವನ್ನು ಆಚೆ ಈಚೆ ಓಲಾಡಿಸಿ. ಉದ್ದನೆಯ ಸೂಜಿಯ ಬಾಟಲಿ ಇದ್ದರೆ ಗೋಡೆಗೆ ತಾಗಿಸದೆ ನೇರ ಆಳಕ್ಕೆ ಬಿಡಲೂಬಹುದು. ಅದಕ್ಕೆ ಕೈ ಪಳಗಿರಬೇಕು.

ಡಬಲ್ ಹಾರ್ನ್ ಆದರೆ ಇನ್ನೊಂದು ವಿಷಯ. ಅದರಲ್ಲಿ ಎಫ್ ಮತ್ತು ಬಿ ಫ್ಲ್ಯಾಟ್ ಎಂಬ ಎರಡು ಸ್ವರದ ಹಾರ್ನ್‌ಗಳು ಒಂದೇ ಮೈಯಲ್ಲಿವೆ. ಮೂರು ಮುಖ್ಯ ರೋಟರ್‌ಗಳೂ ಎರಡಂತಸ್ತಿನವು. ಒಂದು ಅಂತಸ್ತು ಎಫ್ ಬದಿಗೆ, ಇನ್ನೊಂದು ಬಿ ಫ್ಲ್ಯಾಟ್ ಬದಿಗೆ. ಎರಡೂ ಬದಿಯ ಸ್ಲೈಡ್‌ಗಳಿಂದ ಎಣ್ಣೆ ಬಿಡಿ. ಹೆಬ್ಬೆರಳಿನ ವಾಲ್ವನ್ನೂ ಮರೆಯಬೇಡಿ.

ಸ್ಲೈಡ್ ಎಳೆಯುವ ಮುಂಚೆ ಆ ವಾಲ್ವ್‌ನ ಲೀವರ್ ಒತ್ತಿ ಹಿಡಿದಿರಬೇಕು. ಒತ್ತದೆ ಎಳೆದರೆ ಗಾಳಿಗೆ ದಾರಿಯಿಲ್ಲದೆ ಒಳಗೆ ನಿರ್ವಾತ ಉಂಟಾಗಿ ಪಟ್ ಎನ್ನುತ್ತದೆ. ಆ ಎಳೆತ ಸಂದಿನಲ್ಲಿರುವ ಎಣ್ಣೆಯ ಪೊರೆಯನ್ನು ಕೀಳುತ್ತದೆ, ರೋಟರನ್ನೂ ಪಕ್ಕಕ್ಕೆ ಜಗ್ಗುತ್ತದೆ. ಸಂಗೀತ ಕಚೇರಿಯ ನಡುವೆ ನೀರು ಚೆಲ್ಲುವ ಅವಸರದಲ್ಲಿ ಈ ಪಟ್ ಪಟ್ ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಇದೇ ಪಟ್ ಒಂದು ಪರೀಕ್ಷೆಯೂ ಹೌದು. ಅಪರೂಪಕ್ಕೊಮ್ಮೆ ಮಾಡಿ ನೋಡಬಹುದು. ಲೀವರ್ ಒತ್ತದೆ ಸ್ಲೈಡನ್ನು ಮೆಲ್ಲಗೆ ಒಂದೆರಡು ಸೆಂಟಿಮೀಟರ್ ಎಳೆದು, ನಾಲ್ಕೈದು ಸೆಕೆಂಡ್ ಕಾದು, ಆಮೇಲೆ ಲೀವರ್ ಒತ್ತಿ. ಪಟ್ ಎಂದರೆ ವಾಲ್ವ್ ಗಾಳಿ ಹಿಡಿದಿಟ್ಟಿದೆ. ಏನೂ ಕೇಳಿಸದಿದ್ದರೆ ಎಲ್ಲೋ ಸೋರುತ್ತಿದೆ. ಸ್ಲೈಡ್‌ಗೆ ಗ್ರೀಸ್ ಹಚ್ಚಿ, ರೋಟರ್‌ಗೆ ಎಣ್ಣೆ ಬಿಟ್ಟು ಮತ್ತೊಮ್ಮೆ ನೋಡಿ. ಆಗಲೂ ಇಲ್ಲದಿದ್ದರೆ ಸವೆತ ಇದೆ.

ಇನ್ನೊಂದು ಪದ್ಧತಿ ಮೌತ್‌ಪೀಸ್ ತೆಗೆದು ಮುಂದಿನ ಕೊಳವೆಗೇ ಹತ್ತು ಹದಿನೈದು ಹನಿ ಬಿಟ್ಟು, ವಾಲ್ವ್ ಆಡಿಸುತ್ತಾ ಊದುವುದು. ಗ್ರೀಸಿನ ತೊಂದರೆ ಇಲ್ಲ. ಮುಂದಿನ ಕೊಳವೆಯ ಒಳಮೈಗೂ ಎಣ್ಣೆಯ ಪೊರೆ ಸಿಗುತ್ತದೆ. ಉಸಿರಿನ ತೇವ, ಎಂಜಲು ಮೊದಲು ತಾಗುವುದು ಅಲ್ಲಿಗೇ, ಹಿತ್ತಾಳೆ ಬೇಗ ಕೆಡುವುದೂ ಅಲ್ಲೇ. ನನಗೆ ಈಗ ಇದೇ ರೂಢಿ. ಒಂದು ಷರತ್ತಿದೆ. ಆ ಕೊಳವೆ ಚೊಕ್ಕಟವಾಗಿರಬೇಕು. ಕೊಳೆ ಕಟ್ಟಿದ ಕೊಳವೆಗೆ ಎಣ್ಣೆ ಬಿಟ್ಟರೆ ಕೊಳೆಯೆಲ್ಲ ಮೆತ್ತಗಾಗಿ ವಾಲ್ವ್‌ಗೆ ಇಳಿಯುತ್ತದೆ. ಬಳುಕುವ ಬ್ರಷ್‌ನಿಂದ ಮೊದಲು ಉಜ್ಜಿ ತೊಳೆಯಿರಿ. ಸಿಹಿ ತಿಂದು ಬಾಯಿ ತೊಳೆಯದೆ ಊದಲು ಕೂರಬೇಡಿ. ಒಳಗೆ ಕಟ್ಟುವ ಕೊಳೆಯಲ್ಲಿ ಅದರದ್ದೂ ಪಾಲಿದೆ.

ಲೀವರ್‌ಗಳ ಉದ್ದನೆಯ ಕಂಬಿಗೆ, ಸ್ಪ್ರಿಂಗ್ ಸುತ್ತಿಕೊಂಡಿರುವ ಕಡೆ, ಮಂದ ಎಣ್ಣೆ ಒಂದೊಂದು ಹನಿ ಸಾಕು. ದಾರದ ಬದಲು ಕಡ್ಡಿ ಜೋಡಿಸಿದ ವಾದ್ಯವಾದರೆ ಎರಡೂ ತುದಿಯ ಗುಂಡುಗಳಿಗೂ ಒಂದೊಂದು.

ಎಷ್ಟು ದಿನಕ್ಕೊಮ್ಮೆ? ದಿನಾ ನುಡಿಸುವವರಾದರೆ ರೋಟರ್‌ಗೆ ಎರಡು ಮೂರು ದಿನಕ್ಕೊಮ್ಮೆ, ಬೇರಿಂಗ್‌ಗಳಿಗೆ ವಾರಕ್ಕೊಮ್ಮೆ, ಲೀವರ್‌ಗಳಿಗೆ ತಿಂಗಳಿಗೊಮ್ಮೆ. ಇದು ನನ್ನ ಲೆಕ್ಕ. ತೆಳು ಎಣ್ಣೆ ಉಸಿರಿನ ನೀರಿನ ಜೊತೆ ಬೇಗ ಕೊಚ್ಚಿಹೋಗುತ್ತದೆ, ಅದಕ್ಕೇ ಅದು ಪದೇ ಪದೇ ಬೇಕು.

ಶಬ್ದ ಏನು ಹೇಳುತ್ತದೆ

ಎಲ್ಲ ಕಡೆ ಎಣ್ಣೆ ಬಿಟ್ಟ ಮೇಲೂ ಶಬ್ದ ಬಂದರೆ ಕಿವಿಗೊಟ್ಟು ಕೇಳಿ. ಲೋಹಕ್ಕೆ ಲೋಹ ಬಡಿದ ಚುರುಕು ಟಕ್ ಆದರೆ ಬೇರಿಂಗ್ ಅಥವಾ ಕೀಲು ಸವೆದಿದೆ. ಸ್ಟಾಪ್ ಆರ್ಮ್ ಅನ್ನು ಎರಡು ಬೆರಳಲ್ಲಿ ಹಿಡಿದು ಮೇಲೆ ಕೆಳಗೆ, ಆಚೆ ಈಚೆ ಅಲುಗಿಸಿ ನೋಡಿ. ಆಡಿದರೆ ಬೇರಿಂಗೇ. ಇನ್ನೂ ಮಂದವಾದ ಎಣ್ಣೆ ಒಂದು ಹನಿ ಬಿಟ್ಟು ನೋಡಿ. ಶಬ್ದ ಅಡಗಿದರೆ ರೋಗ ಅಲ್ಲೇ ಇದೆ ಎಂದು ಖಚಿತ. ಕೆಲವು ಕಾಲ ಆ ಎಣ್ಣೆಯಲ್ಲೇ ದಿನ ತಳ್ಳಬಹುದು.

ದೊಪ್ ಎನ್ನುವ ಮಂದ ಶಬ್ದವಾದರೆ ಕಾರ್ಕ್ ಕಡೆ ನೋಡಿ. ಸ್ಟಾಪ್ ಆರ್ಮ್ ಬಂದು ಬಡಿಯುವುದು ಎರಡು ಸಣ್ಣ ಕಾರ್ಕ್ ಅಥವಾ ರಬ್ಬರ್ ತುಂಡುಗಳಿಗೆ. ಅವು ಬರೀ ಮೆತ್ತೆಗಳಲ್ಲ. ರೋಟರ್ ಎಲ್ಲಿ ನಿಲ್ಲಬೇಕು ಎಂದು ನಿರ್ಧರಿಸುವುದೂ ಅವೇ. ಕುಗ್ಗಿದರೆ ರೋಟರ್ ಸ್ವಲ್ಪ ಮುಂದೆ ಹೋಗಿ ನಿಲ್ಲುತ್ತದೆ. ಆಗ ಒಳಗಿನ ಕಾಲುವೆಗೂ ಹೊರಗಿನ ಕೊಳವೆಗೂ ಬಾಯಿಗೆ ಬಾಯಿ ಕೂರುವುದಿಲ್ಲ. ನುಡಿಸುವಾಗ ಉಸಿರು ಎಲ್ಲೋ ತಡೆದ ಹಾಗೆ ಅನ್ನಿಸುತ್ತದೆ.

ಇದನ್ನು ತಿಳಿಯಲು ತಯಾರಕರೇ ಗುರುತು ಮಾಡಿಟ್ಟಿರುತ್ತಾರೆ. ಹಿಂದಿನ ಮುಚ್ಚಳ ತೆಗೆದಾಗ ಕಾಣುವ ಅಚ್ಚಿನ ತುದಿಯಲ್ಲಿ ಒಂದು ಗೆರೆ ಇದೆ. ತಟ್ಟೆಯಲ್ಲಿ ಎರಡು ಕಚ್ಚುಗಳಿವೆ. ಲೀವರ್ ಬಿಟ್ಟಾಗ ಗೆರೆ ಒಂದು ಕಚ್ಚಿಗೆ ಸರಿಯಾಗಿ ಕೂರಬೇಕು, ಒತ್ತಿದಾಗ ಇನ್ನೊಂದಕ್ಕೆ. ಕಚ್ಚು ದಾಟಿದ್ದರೆ ಕಾರ್ಕ್ ಸವೆದಿದೆ, ಹೊಸದು ಹಾಕಬೇಕು. ಕಚ್ಚು ಮುಟ್ಟದೆ ಮೊದಲೇ ನಿಂತರೆ ಕಾರ್ಕ್ ದಪ್ಪವಾಗಿದೆ. ಚೂಪಾದ ಬ್ಲೇಡಿನಿಂದ ಎಳೆ ಎಳೆಯಾಗಿ ತೆಗೆಯಬೇಕು. ಒಂದು ಸಲ ಕೊಯ್ದು, ಗೆರೆ ನೋಡಿ, ಮತ್ತೆ ಕೊಯ್ಯಬೇಕು. ಜಾಸ್ತಿ ಕೊಯ್ದರೆ ಹೊಸ ಕಾರ್ಕ್‌ನಿಂದ ಮತ್ತೆ ಶುರು ಮಾಡಬೇಕಾಗುತ್ತದೆ.

ದಾರ ಹಳತಾಗಿ ಜುಂಗು ಎದ್ದಿದ್ದರೆ ಕಡಿಯುವವರೆಗೆ ಕಾಯಬೇಡಿ. ಮೀನು ಹಿಡಿಯಲು ಬಳಸುವ ಹೆಣೆದ ಡೇಕ್ರಾನ್ (ಪಾಲಿಯೆಸ್ಟರ್) ದಾರ ಇದಕ್ಕೆ ಚೆನ್ನಾಗಿ ಒಗ್ಗುತ್ತದೆ. ಅದು ಜಗ್ಗುವುದು ಕಡಿಮೆ. ಒಮ್ಮೆಗೆ ಒಂದೇ ವಾಲ್ವ್‌ನ ದಾರ ಬಿಚ್ಚಿ. ಪಕ್ಕದ ವಾಲ್ವ್‌ನ ದಾರವೇ ನಿಮಗೆ ನಕ್ಷೆ. ಒಂದು ತುದಿಗೆ ಗಂಟು ಹಾಕಿ ಲೀವರ್ ತೋಳಿನ ತೂತಿನಲ್ಲಿ ಪೋಣಿಸಿ, ಸ್ಟಾಪ್ ಆರ್ಮ್‌ನ ಬುಡ ಬಳಸಿ, ಅದರ ಸ್ಕ್ರೂಗೆ ಒಂದು ಸುತ್ತು ಹಾಕಿ, ಇನ್ನೊಂದು ಪಕ್ಕದಿಂದ ಬಂದು ಲೀವರ್ ತೋಳಿನ ತುದಿಯ ಸ್ಕ್ರೂಗೆ ಬಿಗಿಯಬೇಕು. ಕೊನೆಗೆ ಸ್ಟಾಪ್ ಆರ್ಮ್‌ನ ಸ್ಕ್ರೂ ಸ್ವಲ್ಪ ಸಡಿಲಿಸಿ, ಲೀವರನ್ನು ಪಕ್ಕದವುಗಳ ಎತ್ತರಕ್ಕೆ ತಂದು, ಮತ್ತೆ ಬಿಗಿ ಮಾಡಿ.

ಹಿಡಿದುಕೊಂಡ ವಾಲ್ವ್

ರಜೆ ಮುಗಿಸಿ ಬಂದು ಪೆಟ್ಟಿಗೆ ತೆರೆದರೆ ವಾಲ್ವ್ ಕದಲುವುದೇ ಇಲ್ಲ. ತೇವ ಒಣಗಿ, ಉಸಿರಿನ ನೀರಿನಲ್ಲಿದ್ದ ಸುಣ್ಣದ ಅಂಶ ಮತ್ತು ಕಿಲುಬು ಸೇರಿ ಸಂದನ್ನು ಕಚ್ಚಿಕೊಂಡಿರುತ್ತವೆ. ಲೀವರ್ ಮೇಲೆ ಬಲ ಹಾಕಬೇಡಿ. ದಾರ ಕಡಿಯುತ್ತದೆ, ಇಲ್ಲವೇ ಲೀವರ್ ಬಾಗುತ್ತದೆ. ರೋಟರ್ ಹೊರತೆಗೆಯಲು ಸುತ್ತಿಗೆ ಹುಡುಕುವುದಂತೂ ಬೇಡ. ರೋಟರ್ ತೆಗೆಯುವ ಕ್ರಮವೊಂದಿದೆ. ಸ್ಟಾಪ್ ಆರ್ಮ್‌ನ ಸ್ಕ್ರೂ ಕೆಲವು ಸುತ್ತು ಸಡಿಲಿಸಿ, ಅದರ ತಲೆಯ ಮೇಲೆ ಚರ್ಮದ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ, ಕೆಳಗೆ ತಟ್ಟೆ ಅಂಗೈಗೆ ಬೀಳುವಂತೆ ಮಾಡುತ್ತಾರೆ. ಪ್ರತಿ ರೋಟರ್ ತನ್ನ ಕೇಸಿಂಗ್‌ಗೇ ಅಳತೆ ಮಾಡಿ ಉಜ್ಜಿದ್ದು. ಒಂದರದ್ದು ಇನ್ನೊಂದಕ್ಕೆ ಹೋಗುವುದಿಲ್ಲ, ತಟ್ಟೆಯೂ ಗುರುತಿಗೆ ಗುರುತು ಕೂರಬೇಕು. ಬಲ್ಲವರ ಪಕ್ಕದಲ್ಲಿ ಕೂತು ಕಲಿಯುವವರೆಗೆ ಇದನ್ನು ಅವರಿಗೇ ಬಿಡುವುದು ಒಳ್ಳೆಯದು.

ಮನೆಯಲ್ಲಿ ಮಾಡಬಹುದಾದದ್ದು ಇಷ್ಟು. ಎರಡೂ ಬೇರಿಂಗ್‌ಗೆ ತೆಳು ರೋಟರ್ ಎಣ್ಣೆ ಎರಡೆರಡು ಹನಿ ಬಿಡಿ. ಸಂದಿನೊಳಗೆ ನುಸುಳಬೇಕಾದ್ದರಿಂದ ಈಗ ಮಾತ್ರ ತೆಳುವಾದದ್ದೇ ಬೇಕು. ಸ್ಲೈಡ್‌ನ ಒಳದಾರಿಯಿಂದಲೂ ಎಂಟು ಹತ್ತು ಹನಿ. ರಾತ್ರಿಯಿಡೀ ಹಾಗೇ ಬಿಡಿ. ಬೆಳಿಗ್ಗೆ ಲೀವರ್ ಮುಟ್ಟದೆ ಸ್ಟಾಪ್ ಆರ್ಮ್ ಅನ್ನೇ ಬೆರಳಲ್ಲಿ ಹಿಡಿದು ಆಚೆ ಈಚೆ ಒಂದು ಎಳೆಯಷ್ಟು ಕದಲಿಸಿ ನೋಡಿ. ಬಾರದಿದ್ದರೆ ಕೇಸಿಂಗ್ ಮೇಲೆ ಉಗುರುಬೆಚ್ಚಗಿನ ನೀರು ಸ್ವಲ್ಪ ಹೊತ್ತು ಹರಿಸಿ, ಮತ್ತೆ ಎಣ್ಣೆ ಬಿಟ್ಟು ನೋಡಿ. ಎರಡು ದಿನ ಪ್ರಯತ್ನಿಸಿಯೂ ಆಗದಿದ್ದರೆ ರಿಪೇರಿಯವರ ಹತ್ತಿರ ಒಯ್ಯಿರಿ.

ಕದಲಿತು ಅನ್ನಿ. ಮೊದಲು ಒಂದು ಕೂದಲಷ್ಟು, ಆಮೇಲೆ ಅರ್ಧ, ಆಮೇಲೆ ಕಚ್ಚಿನಿಂದ ಕಚ್ಚಿಗೆ ಪೂರ್ತಿ. ಹಿಂದಿನ ಮುಚ್ಚಳ ತೆಗೆದು ನೋಡಿದರೆ ಅಚ್ಚಿನ ಸುತ್ತ ಹಸಿರು ಕಲಸಿದ ಎಣ್ಣೆ ಹೊರಗೆ ಬಂದಿರುತ್ತದೆ. ಮೆತ್ತನೆಯ ಬಟ್ಟೆಯ ಮೂಲೆಯಿಂದ ಒರೆಸಿ, ಹೊಸ ಹನಿ ಬಿಡಿ, ಲೀವರ್ ಆಡಿಸಿ, ಮತ್ತೆ ಒರೆಸಿ. ನಾಲ್ಕೈದು ಸುತ್ತು ಹೀಗೆ ಮಾಡಿ. ಬಟ್ಟೆಗೆ ಬಣ್ಣ ಹತ್ತುವುದು ನಿಂತ ಮೇಲೆ ಬೇರಿಂಗ್ ಎಣ್ಣೆ ಒಂದು ಹನಿ ಹಾಕಿ ಮುಚ್ಚಳ ತಿರುಗಿಸಿ.